ಮೊಡವೆಗೆ ಮೂರು ತಿಂಗಳು ಬೇಕು, ಮೂರು ದಿನದ ಟ್ಯೂಬು ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಸೌಂದರ್ಯಕ್ಕೆಂದು ಮೀಸಲಿಟ್ಟಿರುವ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಓದದೆ ವಿಧಿಯಿಲ್ಲ ಎಂದರೂ ಸರಿಯೇ. ಏಕೆಂದರೆ ಭಾನುವಾರ ಅಲ್ಲಿ ಅಚ್ಚಾದದ್ದು ಸೋಮವಾರ, ಮಂಗಳವಾರಗಳಲ್ಲಿ ಕೆಂಪೇರಿದ ಕೆನ್ನೆಯ ರೂಪದಲ್ಲಿ ನನ್ನ ಅಂಗಡಿಯ ಕೌಂಟರಿಗೆ ಬಂದು ನಿಲ್ಲುತ್ತದೆ. ಅರಸೀಕೆರೆಯಲ್ಲಿ ಔಷಧ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್ ನಾನು. ಇತ್ತೀಚಿನ ಒಂದು ಸಂಚಿಕೆಯಲ್ಲಿ, ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಮೊಡವೆಗಳ ಮೇಲೆ ಹಚ್ಚಿ, ಒಣಗಿದ ಮೇಲೆ ಚೆನ್ನಾಗಿ ಉಜ್ಜಿ ತೊಳೆಯಬೇಕು ಎಂಬ ಸಲಹೆ ಪ್ರಕಟವಾಗಿತ್ತು. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಕಾಸು ಖರ್ಚಾಗದಂತೆ, ಅಡುಗೆಮನೆಯಲ್ಲೇ ಇರುವ ವಸ್ತುಗಳಿಂದ ಓದುಗರಿಗೆ ಉಪಕಾರವಾಗಲಿ ಎಂದು ಅವರು ಬಯಸಿರಬಹುದು. ಆದರೆ ಸೂಕ್ಷ್ಮ ಚರ್ಮದವರಿಗೆ ಇದಕ್ಕಿಂತ ದುಬಾರಿ ಸಲಹೆ ಇನ್ನೊಂದಿಲ್ಲ. ಆರೋಗ್ಯವಂತ ಚರ್ಮದ ಮೇಲ್ಪದರ ತುಸು ಆಮ್ಲೀಯವಾಗಿರುತ್ತದೆ, ಅದರ ಪಿಎಚ್ (7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ ಎಂದು ಹೇಳುವ ಅಳತೆ) ಸುಮಾರು 5ರ ಆಸುಪಾಸು. ನಿಂಬೆರಸದ ಪಿಎಚ್ 2ರ ಹತ್ತಿರ. ಅಡುಗೆ ಸೋಡಾ ಕರಗಿದ ನೀರು 8ನ್ನು ದಾಟುವ ಕ್ಷಾರ. ಎರಡನ್ನೂ ಬೆರೆಸಿದರೆ ನೊರೆ ಬರುತ್ತದೆ ಅಷ್ಟೆ. ಉಳಿದದ್ದರಲ್ಲಿ ಯಾವುದು ಎಷ್ಟಿದೆ ಎಂಬುದು ಹಚ್ಚಿಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ. ಅದರ ಮೇಲೆ ನಿಂಬೆಯ, ಮುಖ್ಯವಾಗಿ ಅದರ ಸಿಪ್ಪೆಯ ರಸ ತಾಗಿದ ಚರ್ಮ ಬಿಸಿಲಿಗೆ ಒಡ್ಡಿಕೊಂಡರೆ ಸುಟ್ಟಂತಾಗಿ, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುವುದುಂಟು. ಮೊಡವೆಗಿಂತ ಆ ಕಲೆಯೇ ಹೆಚ್ಚು ಕಾಲ ಕಾಡುತ್ತದೆ.

ಆದರೂ ಈ ಪತ್ರ ಬರೆಯಲು ನಿಂಬೆಹಣ್ಣೊಂದೇ ಕಾರಣವಲ್ಲ. ನಿಂಬೆ, ಸೋಡಾ, ಟೂತ್‌ಪೇಸ್ಟು ಇವೆಲ್ಲ ಹಚ್ಚಿ ಮುಖ ಉರಿಯತೊಡಗಿದ ಮೇಲೆ ಜನ ಹುಡುಕಿಕೊಂಡು ಹೋಗುವ ಎರಡನೆಯ ವಸ್ತುವಿನ ಬಗ್ಗೆ ನನ್ನ ಆತಂಕ ಹೆಚ್ಚು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಕಾಲೇಜಿಗೆ ಹೋಗುವ ಹುಡುಗಿ ಸಂಜೆ ಬಸ್ಸಿಗೆ ಮುಂಚೆ ಬಂದು, ಪರ್ಸಿನಿಂದ ಒಂದು ಟ್ಯೂಬನ್ನು ತೆಗೆದು ಕೌಂಟರಿನ ಮೇಲೆ ಇಡುತ್ತಾಳೆ. ಅದರ ಬಾಲವನ್ನು ಸುರುಳಿ ಸುತ್ತಿ ಸುತ್ತಿ ಕೊನೆಯ ಹನಿಯವರೆಗೂ ಹಿಂಡಿರುತ್ತದೆ. ‘ಮೇಡಂ, ಇದೇ ಕೊಡಿ, ಬೇರೆ ಬೇಡ’ ಎನ್ನುತ್ತಾಳೆ. ಬರೆದುಕೊಟ್ಟವರು ಯಾರಮ್ಮ ಎಂದರೆ ಅಕ್ಕ ಹಚ್ಚುತ್ತಿದ್ದಳು, ಪಾರ್ಲರಿನವರು ಹೇಳಿದರು, ಹಾಸ್ಟೆಲಿನಲ್ಲಿ ಎಲ್ಲರೂ ಹಚ್ಚುತ್ತಾರೆ ಎಂಬ ಉತ್ತರ. ಟ್ಯೂಬಿನ ಮೇಲೆ ಆರ್‌ಎಕ್ಸ್ ಗುರುತು ಇರುತ್ತದೆ, ಕೆಂಪು ಗೆರೆ ಇರುತ್ತದೆ, ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕದ್ದು ಎಂದು ಇಂಗ್ಲಿಷಿನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಒಳಗಿರುವುದು ಮೊಮೆಟಸೋನ್ ಎಂಬ ಸ್ಟೀರಾಯ್ಡು, ಹೈಡ್ರೋಕ್ವಿನೋನ್ ಎಂಬ ಬಣ್ಣ ತೆಗೆಯುವ ಔಷಧಿ ಮತ್ತು ಟ್ರೆಟಿನಾಯಿನ್. ಈ ಮೂರರ ಮಿಶ್ರಣವನ್ನು ಚರ್ಮತಜ್ಞರು ಬಂಗು, ಅಂದರೆ ಮುಖದ ಕಪ್ಪು ಮಚ್ಚೆಯಂಥ ತೊಂದರೆಗೆ, ಕೆಲವೇ ವಾರಗಳ ಮಟ್ಟಿಗೆ, ತಮ್ಮ ನಿಗಾದಲ್ಲಿ ಕೊಡುತ್ತಾರೆ. ಅದನ್ನೇ ನಮ್ಮ ಹುಡುಗಿಯರು, ಹುಡುಗರು ಕೂಡ, ಪೌಡರಿನಂತೆ ದಿನವೂ ಬಳಿದುಕೊಳ್ಳುತ್ತಿದ್ದಾರೆ.

ಇದು ಇಷ್ಟು ಹರಡಲು ಕಾರಣ, ಮೊದಲ ವಾರದಲ್ಲಿ ಅದು ನಿಜವಾಗಿಯೂ ಕೆಲಸ ಮಾಡಿದಂತೆ ಕಾಣುವುದು. ಸ್ಟೀರಾಯ್ಡು ಚರ್ಮದ ರಕ್ತನಾಳಗಳನ್ನು ಸಂಕುಚಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ. ಹಾಗಾಗಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಮೂರನೆಯ ದಿನಕ್ಕೆ ಕನ್ನಡಿ ಮೆಚ್ಚಿಕೊಳ್ಳುತ್ತದೆ. ಆದರೆ ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು ಕಾಣುತ್ತವೆ, ಕೆನ್ನೆಯ ಮೇಲೆ ಕೂದಲು ಹುಟ್ಟುತ್ತದೆ, ಬಿಸಿಲಿಗೆ ಹೋದರೆ, ಒಲೆಯ ಮುಂದೆ ನಿಂತರೆ ಮುಖ ಧಗಧಗಿಸುತ್ತದೆ, ಮತ್ತು ಯಾವ ಮೊಡವೆಗೆಂದು ಹಚ್ಚಿದರೋ ಅದೇ ಮೊಡವೆ ಗುಂಪುಗುಂಪಾಗಿ ಮರಳುತ್ತದೆ. ಬಿಟ್ಟರೆ ಮುಖ ಇನ್ನಷ್ಟು ಕೆರಳುವುದರಿಂದ ಬಿಡಲಾಗದೆ ಮತ್ತೊಂದು ಟ್ಯೂಬು ಕೊಳ್ಳುತ್ತಾರೆ. ಚಟಕ್ಕೆ ಬಿದ್ದ ಮುಖ ಎಂದೇ ಇದನ್ನು ಹೇಳಬೇಕಾಗುತ್ತದೆ. ಭಾರತದ 12 ಆಸ್ಪತ್ರೆಗಳಲ್ಲಿ, ಮುಖದ ತೊಂದರೆಗೆಂದು ಚರ್ಮರೋಗ ವಿಭಾಗಕ್ಕೆ ಬಂದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಶೇ 15ರಷ್ಟು ಮಂದಿ ಮುಖಕ್ಕೆ ಸ್ಟೀರಾಯ್ಡು ಹಚ್ಚುತ್ತಿದ್ದರೆಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹೇಳಿಕೊಟ್ಟವರು ವೈದ್ಯರೇ ಅಲ್ಲವೆಂದೂ ದಾಖಲಾಗಿದೆ. ಚರ್ಮತಜ್ಞರ ಸಂಘ ಹಲವು ವರ್ಷ ಒತ್ತಾಯಿಸಿದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿ, ಹಚ್ಚುವ ರೂಪದ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಬಿಗಿ ಮಾಡಿತು. ಕಾನೂನು ಬಂದಿದೆ, ಕೌಂಟರಿನಲ್ಲಿ ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದು ನನ್ನ ವೃತ್ತಿಬಾಂಧವರಿಗೆ ಚೆನ್ನಾಗಿ ಗೊತ್ತು. ನಾನು ಕೊಡುವುದಿಲ್ಲ ಎಂದರೆ ಹುಡುಗಿ ಬೇಸರಿಸಿಕೊಂಡು ರಸ್ತೆ ದಾಟುತ್ತಾಳೆ, ಅಲ್ಲಿ ಸಿಗುತ್ತದೆ.

ಔಷಧ ಅಂಗಡಿಯ ಹೊರಗಿನ ಕಥೆ ಇನ್ನೂ ಗಂಭೀರ. ಫ್ಯಾನ್ಸಿ ಸ್ಟೋರುಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ, ಮೊಬೈಲಿನ ಮೂಲಕ ಮಾರಾಟವಾಗುವ ಕೆಲವು ಬಿಳುಪಿನ ಕ್ರೀಮುಗಳ ಡಬ್ಬಿಯ ಮೇಲೆ ತಯಾರಕರ ವಿಳಾಸವಾಗಲೀ ಪದಾರ್ಥಗಳ ಪಟ್ಟಿಯಾಗಲೀ ಇರುವುದೇ ಇಲ್ಲ. ಇಂಥವುಗಳಲ್ಲಿ ಪಾದರಸ ಇರುವ ಸಂಭವ ಬಹಳ. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಇಂಥ ಕ್ರೀಮು ಹಚ್ಚುತ್ತಿದ್ದವರಲ್ಲಿ ಮೂತ್ರಪಿಂಡದ ರೋಗ ಕಾಣಿಸಿಕೊಂಡದ್ದನ್ನು ವೈದ್ಯರು ಗುರುತಿಸಿದರು. ಆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೆ ಇಳಿಯಿತು. ನಮ್ಮಲ್ಲೂ ಇದೇ ಕ್ರೀಮುಗಳು ಇದೇ ಚಿಕ್ಕ ಡಬ್ಬಿಗಳಲ್ಲಿ ಸಿಗುತ್ತವೆ. ಕ್ರೀಮು ಹಚ್ಚಿದ್ದು ಮುಖಕ್ಕೆ; ಮೂತ್ರಪಿಂಡ ಕೆಟ್ಟು ಕಾಲು ಊದಿಕೊಂಡರೆ ಅದು ಬೇರೆ ಯಾವುದೋ ಕಾರಣಕ್ಕೆ ಎಂದೇ ಮನೆಯವರು ತಿಳಿಯುತ್ತಾರೆ. ಎರಡನ್ನೂ ಜೋಡಿಸಿ ನೋಡುವವರು ಯಾರು?

ಹಾಗಾದರೆ ಹಣವಿಲ್ಲದವರು, ಚರ್ಮ ಸೂಕ್ಷ್ಮವಾಗಿರುವವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ, ಅದೇ ಅದರ ದೌರ್ಬಲ್ಯ. ಅದರಲ್ಲಿ ಜಾಹೀರಾತಿಗೆ ಒದಗುವ ಬೆರಗಿಲ್ಲ. ಹಗುರವಾದ ಒಂದು ಕ್ಲೆನ್ಸರ್, ಸುಗಂಧವಿಲ್ಲದ ಒಂದು ಮಾಯಿಶ್ಚರೈಸರ್, ಹಗಲಿಗೊಂದು ಸನ್‌ಸ್ಕ್ರೀನ್, ಮೊಡವೆಗೆಂದೇ ಇರುವ ಒಂದು ಔಷಧಿ. ನಾಲ್ಕೇ ವಸ್ತು. ಇವುಗಳಲ್ಲಿ ಯಾವುದೂ ಮೂರು ದಿನಕ್ಕೆ ಕನ್ನಡಿಯನ್ನು ಮೆಚ್ಚಿಸುವುದಿಲ್ಲ. ಎಂಟರಿಂದ ಹನ್ನೆರಡು ವಾರ ಬೇಕು.

ಮೊಡವೆ ಕೊಳೆಯಿಂದ ಬರುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಮಕ್ಕಳ ಮುಖ ನೋಡಿದ ಕೂಡಲೇ ‘ಸರಿಯಾಗಿ ಮುಖ ತೊಳೆಯಲ್ಲ ಇವಳು’ ಎಂದು ತಾಯಂದಿರು ನನ್ನೆದುರೇ ಗದರುತ್ತಾರೆ. ಹದಿಹರೆಯದಲ್ಲಿ ಆಂಡ್ರೋಜೆನ್ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಸ್ರವಿಸುತ್ತವೆ. ಕೂದಲಿನ ಬುಡದ ರಂಧ್ರದಲ್ಲಿ ಉದುರಬೇಕಾದ ಜೀವಕೋಶಗಳು ಅಂಟಿಕೊಂಡು ಬಾಯಿ ಕಟ್ಟುತ್ತದೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ, ಎಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಉಂಟಾಗುತ್ತದೆ. ಕಪ್ಪು ಚುಕ್ಕಿಯ ಮೊಡವೆಯ ಕಪ್ಪು ಕೂಡ ಮಣ್ಣಲ್ಲ. ಗಾಳಿಗೆ ತೆರೆದುಕೊಂಡ ಜಿಡ್ಡು ಮತ್ತು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅದಕ್ಕೆ ಕಾರಣ. ಇಷ್ಟೆಲ್ಲ ನಡೆಯುವುದು ಚರ್ಮದ ಒಳಗೆ ಆದ್ದರಿಂದ ಕಡಲೆಹಿಟ್ಟನ್ನೋ ಆಕ್ರೋಟಿನ ಸಿಪ್ಪೆಯ ಪುಡಿ ಇರುವ ಸ್ಕ್ರಬ್ಬನ್ನೋ ಹಾಕಿ ಉಜ್ಜಿದರೆ ಮೇಲ್ಪದರ ಗಾಯವಾಗುತ್ತದೆಯೇ ಹೊರತು ಬಾಯಿ ಕಟ್ಟಿದ ರಂಧ್ರ ತೆರೆಯುವುದಿಲ್ಲ. ದಿನಕ್ಕೆ ಎರಡು ಸಲ, ಬೆವರಿದ ಮೇಲೆ ಇನ್ನೊಂದು ಸಲ, ಬೆರಳ ತುದಿಯಿಂದ ಮೆತ್ತಗೆ ತೊಳೆದರೆ ಸಾಕು.

ತೊಳೆಯುವುದು ಯಾವುದರಿಂದ ಎಂಬಲ್ಲಿ ನಮ್ಮ ಊರಿನವರಿಗೆ ಒಂದು ವಿಶೇಷ ಸಮಸ್ಯೆ ಇದೆ. ನಮ್ಮ ಭಾಗದ ಬೋರ್‌ವೆಲ್ ನೀರು ಗಡುಸು. ಬಕೆಟಿನ ಅಂಚಿನಲ್ಲಿ, ನಲ್ಲಿಯ ಬಾಯಿಯಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಮಾಮೂಲಿ ಸೋಪು ಈ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸೇರಿ ಕರಗದ ಗಸಿಯಾಗುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಹಚ್ಚುತ್ತೇವೆ, ಆ ಗಸಿ ಮುಖದ ಮೇಲೆ ಉಳಿದು ಬಿಗಿತ, ತುರಿಕೆ ಶುರುವಾಗುತ್ತದೆ. ಮೇಲಾಗಿ ಸೋಪು ಸ್ವಭಾವತಃ ಕ್ಷಾರ, ಅದರ ಪಿಎಚ್ 9ರಿಂದ 10. ಸೋಪಿನ ಹೊದಿಕೆಯ ಮೇಲಿನ ಟಿಎಫ್ಎಂ ಅಂಕಿಯನ್ನು ನೋಡಿ, ಶೇ 76 ಇದ್ದರೆ ಮೊದಲ ದರ್ಜೆ, ಆದ್ದರಿಂದ ಮುಖಕ್ಕೆ ಒಳ್ಳೆಯದು ಎಂದು ಲೆಕ್ಕ ಹಾಕುವವರಿದ್ದಾರೆ. ಆ ಅಂಕಿ ಸೋಪಿನಲ್ಲಿರುವ ಕೊಬ್ಬಿನ ಅಂಶವನ್ನು ಹೇಳುತ್ತದೆ, ಸೌಮ್ಯತೆಯನ್ನಲ್ಲ. ಶೇ 76 ಇರುವ ಸೋಪೂ ಕ್ಷಾರವೇ. ಔಷಧ ಅಂಗಡಿಗಳಲ್ಲಿ ಸಿಂಡೆಟ್ ಬಾರ್ ಎಂದು ಸಿಗುವ, ಸೋಪಲ್ಲದ ಬಿಲ್ಲೆಗಳು ಚರ್ಮದ ಪಿಎಚ್‌ಗೆ ಹತ್ತಿರವಿರುತ್ತವೆ, ಗಡುಸು ನೀರಿನಲ್ಲೂ ಗಸಿಗಟ್ಟುವುದಿಲ್ಲ. ಬೆಲೆ ಮಾಮೂಲಿ ಸೋಪಿಗಿಂತ ಹೆಚ್ಚು ನಿಜ. ಆದರೆ ಅದನ್ನು ಮುಖಕ್ಕೆ ಮಾತ್ರ ಇಟ್ಟುಕೊಂಡು, ನೀರು ಬಸಿದು ಹೋಗುವ ಸೋಪಿನ ಪೆಟ್ಟಿಗೆಯಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಬರುತ್ತದೆ. ಅದೂ ಸಾಧ್ಯವಿಲ್ಲದವರು ಬೆಳಿಗ್ಗೆ ಬರೀ ನೀರಿನಲ್ಲಿ ಮುಖ ತೊಳೆದು, ರಾತ್ರಿ ಮಾತ್ರ ಸೋಪು ಬಳಸಿದರೂ ಎಷ್ಟೋ ಹಿತ.

ತೆಂಗಿನ ನಾಡಿನಲ್ಲಿ ಕುಳಿತು ಕೊಬ್ಬರಿ ಎಣ್ಣೆಯ ವಿರುದ್ಧ ಬರೆಯುವುದು ಕಷ್ಟದ ಕೆಲಸ, ಆದರೂ ಬರೆಯಬೇಕು. ಒಣಗಿದ ಕೈಕಾಲಿಗೆ ಅದು ಬಹಳ ಒಳ್ಳೆಯದು. ಮೊಡವೆಯ ಮುಖಕ್ಕೆ ಅಲ್ಲ. ಅದು ರಂಧ್ರಗಳ ಬಾಯಿ ಕಟ್ಟಿಸುವ ಎಣ್ಣೆಗಳಲ್ಲಿ ಒಂದು. ಹುಡುಗಿಯರು ತಲೆ ತುಂಬ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು ಮಲಗಿದರೆ, ರಾತ್ರಿಯಿಡೀ ಆ ಎಣ್ಣೆ ಹಣೆಗೂ ದಿಂಬಿಗೂ ಇಳಿಯುತ್ತದೆ. ಕೂದಲಿನ ಅಂಚಿನಲ್ಲಿ, ಹಣೆಯ ಮೇಲೆ ಮಾತ್ರ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎಣ್ಣೆಯನ್ನು ಬಿಡಬೇಕಿಲ್ಲ, ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿ ತೊಳೆದುಕೊಳ್ಳಲಿ, ದಿಂಬಿನ ಕವರನ್ನು ವಾರಕ್ಕೊಮ್ಮೆಯಾದರೂ ಬದಲಿಸಲಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಜಿಡ್ಡು ಮುಖಕ್ಕೆ ಮಾಯಿಶ್ಚರೈಸರ್ ಏಕೆ ಎಂದು ಕೇಳುವವರೇ ಹೆಚ್ಚು. ಮೊಡವೆಯ ಬಹುಪಾಲು ಔಷಧಿಗಳು ಚರ್ಮವನ್ನು ಒಣಗಿಸುತ್ತವೆ, ಸೂಕ್ಷ್ಮ ಚರ್ಮ ಉರಿಯತೊಡಗುತ್ತದೆ, ಉರಿಯ ಭಯಕ್ಕೆ ಜನ ಔಷಧಿಯನ್ನೇ ಬಿಟ್ಟುಬಿಡುತ್ತಾರೆ. ಔಷಧಿ ಫಲಿಸದಿರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದು. ಗ್ಲಿಸರಿನ್ ಇರುವ, ಸುಗಂಧವಿಲ್ಲದ ಸಾದಾ ಲೋಷನ್ ಆದರೆ ಸಾಕು. ಹೆಸರು ಯಾವುದಾದರೂ ಇರಲಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದಲ್ಲಿರುವುದು ಮೊದಲು ಬರುತ್ತದೆ, ಆದ್ದರಿಂದ ಗ್ಲಿಸರಿನ್ ಮೊದಲ ನಾಲ್ಕೈದು ಹೆಸರುಗಳಲ್ಲಿ ಇದೆಯೇ, ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಎಂಬ ಪದ ಎಲ್ಲಾದರೂ ಇದೆಯೇ ಎಂದು ನೋಡಿದರೆ ಅರ್ಧ ಆಯ್ಕೆ ಮುಗಿದಂತೆ. ಕೇಸರಿ, ಬಂಗಾರ, ವಜ್ರದ ಪುಡಿ ಎಂದೆಲ್ಲ ಡಬ್ಬಿಯ ಮುಂಬದಿಯಲ್ಲಿ ಬರೆದಿರುವುದಕ್ಕೂ ಹಿಂಬದಿಯ ಪಟ್ಟಿಗೂ ಎಷ್ಟೋ ವೇಳೆ ಪರಿಚಯವೇ ಇರುವುದಿಲ್ಲ.

ಔಷಧಿಯ ವಿಷಯಕ್ಕೆ ಬಂದರೆ, ಮೊಡವೆಗೆ ಅಗ್ಗವಾಗಿಯೂ ನೆಚ್ಚುವಂತೆಯೂ ಇರುವ ಔಷಧಿ ಬೆಂಜಾಯ್ಲ್ ಪೆರಾಕ್ಸೈಡ್. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಸೂಕ್ಷ್ಮ ಚರ್ಮದವರು ತಿಳಿಯಬೇಕಾದ ಮುಖ್ಯ ಸಂಗತಿ, ಕೆಂಪಗೆ ಊದಿದ ಮೊಡವೆಗಳ ಮೇಲೆ ಶೇ 2.5ರ ಜೆಲ್ ಮಾಡುವ ಕೆಲಸಕ್ಕೂ ಶೇ 10ರದು ಮಾಡುವ ಕೆಲಸಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಉರಿ ಮಾತ್ರ ಶೇ 10ರಲ್ಲಿ ಹೆಚ್ಚು. ‘ಸ್ಟ್ರಾಂಗ್ ಇರೋದು ಕೊಡಿ’ ಎಂದು ಕೇಳುವುದು ನಮ್ಮ ಜನರ ರೂಢಿ. ಇಲ್ಲಿ ಅದು ನಷ್ಟದ ಬಾಬತ್ತು. ಎರಡು ದಿನಕ್ಕೊಮ್ಮೆ, ಮೊಡವೆ ಬರುವ ಭಾಗಕ್ಕೆಲ್ಲ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯುವುದರಿಂದ ಆರಂಭಿಸಿ, ಚರ್ಮ ಒಗ್ಗಿದ ಮೇಲೆ ಹೆಚ್ಚು ಹೊತ್ತು ಬಿಡಬಹುದು. ಕಣ್ಣಿನ ಸುತ್ತ, ಮೂಗಿನ ಸಂದಿ, ತುಟಿಯ ಅಂಚುಗಳನ್ನು ಬಿಡಬೇಕು. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ. ಮನೆಯ ಹೊಸ ಟವೆಲಿನ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳಾದ ಮೇಲೆ ಬೈಸಿಕೊಳ್ಳುವುದಕ್ಕಿಂತ, ಬಿಳಿಯ ಹಳೆ ಪಂಚೆಯ ತುಂಡೊಂದನ್ನು ಮುಖಕ್ಕೆಂದು ಇಟ್ಟುಕೊಳ್ಳುವುದು ಲೇಸು. ಬಿಸಿಯಲ್ಲಿ ಇಟ್ಟರೆ ಇದು ಒಡೆದು ಬೆಂಜೀನ್ ಎಂಬ ಹಾನಿಕರ ವಸ್ತು ಉಂಟಾಗಬಹುದೆಂದು 2024ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಗಳು ತೋರಿಸಿದವು. ಹಾಗಾಗಿ ಸ್ಕೂಟರಿನ ಡಿಕ್ಕಿಯಲ್ಲೋ, ಬಿಸಿಲು ಬೀಳುವ ಕಿಟಕಿಯಲ್ಲೋ ಟ್ಯೂಬನ್ನು ಇಡದೆ, ಮನೆಯ ತಂಪಾದ ಮೂಲೆಯಲ್ಲಿ ಇಟ್ಟು, ಅವಧಿಯೊಳಗೆ ಮುಗಿಸಬೇಕು.

ಕಪ್ಪು, ಬಿಳಿ ಚುಕ್ಕಿಗಳೇ ಹೆಚ್ಚಿದ್ದರೆ ವೈದ್ಯರು ಶೇ 0.1ರ ಅಡಾಪಲೀನ್ ಜೆಲ್ ಬರೆಯುತ್ತಾರೆ. ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ, ರಾತ್ರಿ, ಒಣಗಿದ ಚರ್ಮಕ್ಕೆ ಹಚ್ಚುವುದು ಕ್ರಮ. ಸೂಕ್ಷ್ಮ ಚರ್ಮದವರು ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಇದನ್ನು ಹಚ್ಚಬಹುದು. ಮೊದಲ ಕೆಲವು ವಾರ ಮೊಡವೆ ಹೆಚ್ಚಾದಂತೆ ಕಾಣಬಹುದು. ಗರ್ಭಿಣಿಯರೂ ಗರ್ಭ ಧರಿಸುವ ಯೋಚನೆಯಲ್ಲಿರುವವರೂ ಇದನ್ನು ಹಚ್ಚಬಾರದು. ಅಂಥವರಿಗೆ ಅಜೆಲಾಯಿಕ್ ಆಸಿಡ್ ಇದೆ, ಅದು ಮೊಡವೆಯ ಕಲೆಗೂ ಆಗಿಬರುತ್ತದೆ. ಇನ್ನು ಕ್ಲಿಂಡಮೈಸಿನ್ ಎಂಬ ಆಂಟಿಬಯೋಟಿಕ್ ಜೆಲ್ಲನ್ನು ಒಂದನ್ನೇ ತಿಂಗಳುಗಟ್ಟಲೆ ಹಚ್ಚುವ ಅಭ್ಯಾಸ ವ್ಯಾಪಕವಾಗಿದೆ. ಹಾಗೆ ಮಾಡಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗಿದ್ದರೆ ಆ ಅಪಾಯ ತಗ್ಗುತ್ತದೆ. ಇಂಥ ಔಷಧಿಗಳನ್ನು ವೈದ್ಯರು ಮೂಲ ಹೆಸರಿನಲ್ಲಿ ಬರೆದುಕೊಟ್ಟರೆ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ ಬೆಲೆ ಹೋಲಿಸಬಹುದು.

ಕಲೆಯ ವಿಷಯದಲ್ಲಿ ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ತನ್ನದೇ ಪಾಡು ಇದೆ. ಮೊಡವೆ ವಾರದಲ್ಲಿ ಒಣಗುತ್ತದೆ, ಅದು ಬಿಟ್ಟುಹೋದ ಕಪ್ಪು ಗುರುತು ಆರು ತಿಂಗಳು ಉಳಿಯುತ್ತದೆ, ಬಿಸಿಲು ಬಿದ್ದಷ್ಟೂ ಗಾಢವಾಗುತ್ತದೆ. ಜನ ಬಿಳುಪಿನ ಕ್ರೀಮಿಗೆ ಕೈ ಹಾಕುವುದೇ ಈ ಹಂತದಲ್ಲಿ. ಕಲೆಗೆ ಕ್ರೀಮು ಹುಡುಕುವ ಮೊದಲು ಹಿಸುಕುವ ಕೈಯನ್ನು ತಡೆಯಬೇಕು ಮತ್ತು ಬಿಸಿಲನ್ನು ತಡೆಯಬೇಕು. ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಬಿಸಿಲಿನಲ್ಲಿ ಚರ್ಮ ಸುಡುವ ಯುವಿ-ಬಿ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, 50 ಇರುವುದು ಶೇ 98ರಷ್ಟು; ಆ ಒಂದು ಅಂಶಕ್ಕಾಗಿ ದುಪ್ಪಟ್ಟು ಹಣ ಕೊಡುವ ಅಗತ್ಯವಿಲ್ಲ. ಆದರೆ ಕಂಜೂಸುತನದಿಂದ ಸಾಸಿವೆಯಷ್ಟು ಹಚ್ಚಿದರೆ ಈ ಅಂಕಿಗಳಿಗೆ ಅರ್ಥವಿಲ್ಲ. ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಸನ್‌ಸ್ಕ್ರೀನ್ ಈ ನಾಲ್ಕರಲ್ಲಿ ಅತ್ಯಂತ ತುಟ್ಟಿ ಎಂಬುದನ್ನು ಒಪ್ಪುತ್ತೇನೆ. ಹೊಲಕ್ಕೆ ಹೋಗುವವರು, ಗಾರ್ಮೆಂಟ್ಸಿಗೆ ನಡೆದು ಹೋಗುವವರು ಎಲ್ಲರೂ ಅದನ್ನು ಕೊಳ್ಳಲಾರರು. ಛತ್ರಿ, ಅಗಲ ಅಂಚಿನ ಟೋಪಿ, ತಲೆಯ ಮೇಲೆ ಎಳೆದುಕೊಂಡ ಸೆರಗು, ಇವು ಕಡಿಮೆ ರಕ್ಷಣೆಯಲ್ಲ.

ಸೂಕ್ಷ್ಮ ಚರ್ಮದವರಿಗೆ ಇನ್ನೊಂದು ಮಾತು. ಹೊಸದಾಗಿ ಏನನ್ನೇ ತಂದರೂ ಮೊಣಕೈಯ ಒಳಮಗ್ಗುಲಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ನಾಲ್ಕೈದು ದಿನ ಹಚ್ಚಿ ನೋಡಬೇಕು. ನಾಲ್ಕು ವಸ್ತುಗಳನ್ನು ಒಂದೇ ದಿನ ತಂದು ಒಂದೇ ರಾತ್ರಿ ಹಚ್ಚಿದರೆ, ಬೆಳಿಗ್ಗೆ ಮುಖ ಕೆಂಪಾದಾಗ ತಪ್ಪು ಯಾವುದರದು ಎಂದು ಯಾರಿಗೂ ಹೇಳಲಾಗದು. ಎಲ್ಲವನ್ನೂ ಬದಲಿಸಿದರೂ ಹಣೆಯ ನಡುವೆ ಮಾತ್ರ ತುರಿಕೆ, ಕೆಂಪು ಉಳಿದರೆ, ಕೃತಕ ಬಣ್ಣದ ಕುಂಕುಮ ಅಥವಾ ಸ್ಟಿಕ್ಕರಿನ ಅಂಟನ್ನು ಅನುಮಾನಿಸಬೇಕು. ಸ್ಟಿಕ್ಕರಿನ ಅಂಟಿನಲ್ಲಿರುವ ರಾಸಾಯನಿಕದಿಂದ ಆ ಜಾಗ ಬೆಳ್ಳಗಾಗಿರುವ ಹೆಂಗಸರನ್ನು ನಮ್ಮಲ್ಲಿ ಯಾವ ಊರಿನಲ್ಲಾದರೂ ಕಾಣಬಹುದು.

ಗುಳ್ಳೆಗಳೆಲ್ಲ ಮೊಡವೆಯೂ ಅಲ್ಲ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ, ತುರಿಸುವ ಗುಳ್ಳೆಗಳು ಬೆವರಿನ ಕಾಲದಲ್ಲಿ ಹೆಚ್ಚಿದರೆ ಅದು ಯೀಸ್ಟಿನಿಂದಾದದ್ದಿರಬಹುದು, ಅದರ ಚಿಕಿತ್ಸೆಯೇ ಬೇರೆ. ಗದ್ದ, ದವಡೆಯ ಸುತ್ತ ದೊಡ್ಡ ಗಂಟುಗಳು, ಜೊತೆಗೆ ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು ಇದ್ದರೆ ಪಿಸಿಒಎಸ್ ಎಂಬ, ಅಂಡಾಶಯ ಮತ್ತು ಹಾರ್ಮೋನಿಗೆ ಸಂಬಂಧಿಸಿದ ತೊಂದರೆಯ ಪರೀಕ್ಷೆ ಬೇಕಾಗುತ್ತದೆ. ಗುಂಡಿ ಬೀಳುವಂಥ ಮೊಡವೆ ಇರುವವರು, ಈಗಾಗಲೇ ಸ್ಟೀರಾಯ್ಡಿಗೆ ಒಗ್ಗಿಹೋದವರು ಈ ಪತ್ರವನ್ನು ನೆಚ್ಚಿಕೊಂಡು ಕೂರದೆ ಚರ್ಮತಜ್ಞರನ್ನು ಕಾಣಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಅತಿ ಕಡಿಮೆ ಶುಲ್ಕಕ್ಕೆ ಅವರು ಸಿಗುತ್ತಾರೆ. ಆದರೆ ಎಷ್ಟೋ ಕಡೆ ಆ ವಿಭಾಗದ ಬಾಗಿಲ ಮೇಲೆ ‘ಚರ್ಮ ಮತ್ತು ಲೈಂಗಿಕ ರೋಗ ವಿಭಾಗ’ ಎಂಬ ಫಲಕವಿದೆ. ಹದಿನೇಳರ ಹುಡುಗಿ ಮೊಡವೆ ತೋರಿಸಲು ಆ ಫಲಕದ ಕೆಳಗೆ ಸಾಲಿನಲ್ಲಿ ನಿಲ್ಲುವುದಿಲ್ಲ; ಪರಿಚಿತರು ನೋಡಿಯಾರು ಎಂದು ತಾಯಿಯೂ ಕರೆದೊಯ್ಯುವುದಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನ, ಹದಿಹರೆಯದವರಿಗೆಂದೇ ಸರ್ಕಾರ ನಡೆಸುವ ಸ್ನೇಹ ಕ್ಲಿನಿಕ್ಕಿನಲ್ಲಿ ಮೊಡವೆಯನ್ನೂ ನೋಡುವ ಏರ್ಪಾಡು ಮಾಡಿದರೆ ಈ ಮುಜುಗರ ತಪ್ಪುತ್ತದೆ. ಆರೋಗ್ಯ ಇಲಾಖೆಯವರು ಇದನ್ನು ಪರಿಶೀಲಿಸಬೇಕು. ಔಷಧ ನಿಯಂತ್ರಣ ಇಲಾಖೆಯವರು ಕೇರಳದ ಮಾದರಿಯಲ್ಲಿ ಫ್ಯಾನ್ಸಿ ಸ್ಟೋರುಗಳ ಕಪಾಟುಗಳನ್ನೂ, ನಮ್ಮಂಥ ಔಷಧ ಅಂಗಡಿಗಳ ಬಿಲ್ ಪುಸ್ತಕಗಳನ್ನೂ ತೆರೆದು ನೋಡಬೇಕು. ಸ್ಟೀರಾಯ್ಡು ಟ್ಯೂಬು ಯಾವ ವೈದ್ಯರ ಚೀಟಿಯ ಮೇಲೆ ಹೋಯಿತು ಎಂದು ಕೇಳಿದರೆ ಸಾಕು, ಉಳಿದದ್ದು ತಾನಾಗಿ ಹೊರಬರುತ್ತದೆ. ವೃತ್ತಿಯವರಿಂದ ನನಗೆ ಬೈಗುಳ ಬಂದರೂ ಚಿಂತೆಯಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸೌಂದರ್ಯದ ಪುಟಕ್ಕೆ ಬರುವ ಸಲಹೆಗಳನ್ನು ಅಚ್ಚಿಗೆ ಕಳುಹಿಸುವ ಮೊದಲು ಒಬ್ಬ ಚರ್ಮತಜ್ಞರಿಗೆ ತೋರಿಸುವ ಪದ್ಧತಿ ಇಟ್ಟುಕೊಳ್ಳಿ. ಟ್ಯೂಬಿನ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಅದನ್ನು ಹಚ್ಚಿಕೊಳ್ಳುವವರು ಓದುವುದು ಕನ್ನಡವನ್ನು. ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್, ಫ್ಲುವೊಸಿನೊಲೋನ್ ಎಂಬ ನಾಲ್ಕು ಸ್ಟೀರಾಯ್ಡುಗಳ ಹೆಸರುಗಳನ್ನಾದರೂ ದಪ್ಪ ಅಕ್ಷರಗಳಲ್ಲಿ, ಕತ್ತರಿಸಿ ಇಟ್ಟುಕೊಳ್ಳುವಂತೆ ಒಂದು ಚೌಕಟ್ಟಿನಲ್ಲಿ ಪ್ರಕಟಿಸಿ. ನನ್ನ ಅಂಗಡಿಯ ಗಾಜಿಗೆ ನಾನೇ ಅಂಟಿಸುತ್ತೇನೆ. ಮತ್ತು ಪ್ರತಿ ವರ್ಷ ಮದುವೆಯ ಕಾಲಕ್ಕೆ ತಾವು ಹೊರತರುವ ವಿಶೇಷ ಪುರವಣಿಯಲ್ಲಿ ‘ಮದುವೆಗೆ ಮುಂಚೆ ಹದಿನೈದು ದಿನಗಳಲ್ಲಿ ಹೊಳೆಯುವ ಮುಖ’ ಎಂಬಂಥ ಲೇಖನಗಳಿರುತ್ತವೆ. ಮದುವೆ ಗೊತ್ತಾದ ಹುಡುಗಿಯರು ಅದನ್ನು ಹಿಡಿದುಕೊಂಡೇ ನನ್ನಲ್ಲಿಗೆ ಬರುತ್ತಾರೆ, ಹದಿನೈದು ದಿನದಲ್ಲಿ ಆಗುವುದನ್ನು ಕೊಡಿ ಎನ್ನುತ್ತಾರೆ, ಅಷ್ಟರಲ್ಲಿ ಆಗುವುದು ಆ ಸ್ಟೀರಾಯ್ಡು ಟ್ಯೂಬೊಂದೇ. ಈ ಸಲ ಆ ಲೇಖನವನ್ನು ಮದುವೆಯ ತಿಂಗಳುಗಳಿಗೆ ಹನ್ನೆರಡು ವಾರ ಮುಂಚೆ ಪ್ರಕಟಿಸಿ, ಶೀರ್ಷಿಕೆಯಲ್ಲೂ ಹನ್ನೆರಡು ವಾರ ಎಂದೇ ಬರೆಯಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಅರಸೀಕೆರೆ, ಹಾಸನ ಜಿಲ್ಲೆ